ಬೂಟ್ ಡ್ರೈವ್ ತುಂಬಿದೆ ಅನ್ನುತ್ತದೆ, ಹುಡುಕಿದರೆ ಫೈಲ್‌ಗಳೇ ಇಲ್ಲ!

ಪ್ರಶ್ನೆ: ಹಳೆಯ ಕಂಪ್ಯೂಟರ್ ಒಂದಕ್ಕೆ ಉಬುಂಟು ಸರ್ವರ್ ಹಾಕಿ ಎರಡು ವರ್ಷದಿಂದ ಮನೆಯ ಸ್ಟೋರೇಜ್ ಸರ್ವರ್ ಆಗಿ ಬಳಸುತ್ತಿದ್ದೇನೆ. ಬೂಟ್ ಡ್ರೈವ್ 120 ಜಿಬಿಯ ಎಸ್‌ಎಸ್‌ಡಿ. ಡೇಟಾಗೆ 4 ಟಿಬಿಯ ಎರಡು ಹಾರ್ಡ್ ಡಿಸ್ಕ್, ಮಿರರ್ ಮಾಡಿದ್ದೇನೆ, ಅಂದರೆ ಎರಡರಲ್ಲೂ ಒಂದೇ ಡೇಟಾ. ಫೋಟೋ, ಸಿನಿಮಾ, ಫೋನ್ ಬ್ಯಾಕಪ್ ಎಲ್ಲವೂ ಡಾಕರ್ ಕಂಟೇನರ್‌ಗಳಲ್ಲಿ (ಒಂದೊಂದು ಆ್ಯಪ್ ಬೇರೆ ಬೇರೆಯಾಗಿ ಓಡುವ ಪೆಟ್ಟಿಗೆಗಳು) ನಡೆಯುತ್ತವೆ. ಕಳೆದ ವಾರ ಫೋಟೋ ಆ್ಯಪ್ ತೆರೆಯಲೇ ಇಲ್ಲ. ನೋಡಿದರೆ ಬೂಟ್ ಡ್ರೈವ್ 100% ತುಂಬಿತ್ತು. ಡಿಸ್ಕ್‌ನ ಜಾಗ ತೋರಿಸುವ ಡಿಎಫ್ ಕಮಾಂಡ್ ಪ್ರಕಾರ ಒಟ್ಟು ಗಾತ್ರವೇ 54 ಜಿಬಿ, ಬಳಕೆಯಾಗಿದ್ದು 51 ಜಿಬಿ, ಉಳಿದಿದ್ದು ಸೊನ್ನೆ. ಆದರೆ ಡಿಯು ಕಮಾಂಡ್‌ನಿಂದ ಬೂಟ್ ಡ್ರೈವ್‌ನ ಫೋಲ್ಡರ್‌ಗಳನ್ನೆಲ್ಲ ಕೂಡಿದರೆ 31 ಜಿಬಿ ಮಾತ್ರ ಸಿಗುತ್ತದೆ. 200 ಜಿಬಿಯಷ್ಟು ಸಿನಿಮಾ ಅಳಿಸಿದೆ, ಏನೂ ಬದಲಾಗಲಿಲ್ಲ. ಡಾಕರ್‌ನ ಓವರ್‌ಲೇ2 ಫೋಲ್ಡರ್ ದೊಡ್ಡದಿದೆ, ಅದನ್ನು ಅಳಿಸಬಹುದಾ? 500 ಜಿಬಿ ಎಸ್‌ಎಸ್‌ಡಿ ತಂದು ಎಲ್ಲ ಹೊಸದಾಗಿ ಹಾಕು ಅಂತ ಸ್ನೇಹಿತರು ಹೇಳುತ್ತಾರೆ. ಮಕ್ಕಳ ಫೋಟೋ ಹೋಗಿಬಿಟ್ಟರೆ ಅನ್ನೋದೇ ನನ್ನ ಭಯ. ಅಂದ ಹಾಗೆ, ಎರಡು ತಿಂಗಳ ಹಿಂದೆ ಡೇಟಾ ಡಿಸ್ಕ್‌ಗಳ ಪವರ್ ಕೇಬಲ್ ಸಡಿಲವಾಗಿ ನಾಲ್ಕೈದು ದಿನ ಅವೆರಡೂ ಕಾಣಿಸಿರಲಿಲ್ಲ. ಸರಿ ಮಾಡಿದ ಮೇಲೆ ಎಲ್ಲ ಮೊದಲಿನಂತೆ ಆಯಿತು. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು.

ಉತ್ತರ: ಮೊದಲು ನಿಮ್ಮ ಭಯದ ಮಾತು. ಬೂಟ್ ಡ್ರೈವ್ ತುಂಬಿತು ಅಂತ ಡೇಟಾ ಡಿಸ್ಕ್‌ನಲ್ಲಿರುವ ಫೋಟೋಗಳು ಹಾಳಾಗುವುದಿಲ್ಲ. ಆ್ಯಪ್ ತೆರೆಯದಿರುವುದಕ್ಕೆ ಕಾರಣ, ಅದರ ಡೇಟಾಬೇಸ್‌ಗೆ ಬರೆಯಲು ಜಾಗ ಸಿಗುತ್ತಿಲ್ಲ ಅನ್ನೋದು. ಇದು ರಿಪೇರಿ ಆಗುವ ತೊಂದರೆ. ಆದರೆ ಒಂದು ವಿನಂತಿ: ಈ ಉತ್ತರ ಪೂರ್ತಿ ಓದುವವರೆಗೂ ಇನ್ನೇನನ್ನೂ ಅಳಿಸಬೇಡಿ. ಓವರ್‌ಲೇ2 ಅಂತೂ ಮುಟ್ಟಲೇಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸಂಬಂಧ ಇರಲಾರದು ಅಂತ ನೀವು ಕೊನೆಗೆ ಬರೆದ ಸಾಲೇ ನನ್ನ ಪ್ರಕಾರ ಇಡೀ ಪತ್ರದ ಮುಖ್ಯ ಸಾಲು. ನಿಮ್ಮ ಮಕ್ಕಳ ಕೆಲವು ಫೋಟೋಗಳು ಈಗ ಎಲ್ಲಿವೆ ಅನ್ನೋದು ಅದರಲ್ಲೇ ಅಡಗಿರಬಹುದು.

ನಿಮ್ಮ ಲೆಕ್ಕದಲ್ಲಿ ಮೂರು ಕಡೆ ಜಾಗ ಕಾಣೆಯಾಗಿದೆ. ಒಂದೊಂದಕ್ಕೂ ಬೇರೆ ಕಾರಣವಿದೆ, ಬಿಡಿಸಿ ನೋಡೋಣ.

120 ಜಿಬಿ ಡ್ರೈವ್ 54 ಜಿಬಿ ಆಗಿದ್ದು ಹೇಗೆ? ಡ್ರೈವ್ ಮಾಡುವವರು ಜಿಬಿಯನ್ನು ನೂರು ಕೋಟಿ ಬೈಟ್ ಅಂತ ಲೆಕ್ಕ ಹಾಕುತ್ತಾರೆ. ಡಿಎಫ್ ಎಣಿಸುವುದು 1024ರ ಲೆಕ್ಕದಲ್ಲಿ. ಹಾಗಾಗಿ 120 ಅನ್ನೋದು ಸುಮಾರು 112 ಆಗಿ ಕಾಣುತ್ತದೆ. ಇದು ಎಲ್ಲರಿಗೂ ಆಗುವುದೇ. ಉಳಿದ ಅರ್ಧ ಹೋಗಿದ್ದು ಬೇರೆ ಕಡೆ. ಉಬುಂಟು ಸರ್ವರ್ ಹಾಕುವಾಗ ಇಡೀ ಡಿಸ್ಕ್ ಬಳಸು ಅಂತ ಆರಿಸಿದರೆ ಅದು ಡಿಸ್ಕ್‌ನ ಜಾಗವನ್ನು ಭಾಗ ಮಾಡಿ ಬೇಕಾದಾಗ ಬೆಳೆಸಲು ಬಿಡುವ ಎಲ್‌ವಿಎಂ ಅನ್ನೋ ವ್ಯವಸ್ಥೆ ಹಾಕುತ್ತದೆ. ಜಾಗ 20ರಿಂದ 200 ಜಿಬಿ ನಡುವೆ ಇದ್ದರೆ ಅರ್ಧವನ್ನು ಮಾತ್ರ ರೂಟ್‌ಗೆ, ಅಂದರೆ ಸಿಸ್ಟಂ ಇರುವ ಮುಖ್ಯ ಭಾಗಕ್ಕೆ, ಕೊಟ್ಟು, ಇನ್ನರ್ಧವನ್ನು ಮುಂದಕ್ಕೆ ಬೇಕಾದೀತು ಅಂತ ಖಾಲಿ ಬಿಡುತ್ತದೆ. 200 ದಾಟಿದ್ದರೆ ರೂಟ್‌ಗೆ ಬರೀ 100 ಜಿಬಿ ಕೊಡುತ್ತದೆ. ಇನ್‌ಸ್ಟಾಲ್ ಮಾಡುವ ಪರದೆಯಲ್ಲಿ ಇದು ಕಾಣುತ್ತದೆ, ಆದರೆ ಆ ಗಡಿಬಿಡಿಯಲ್ಲಿ ಯಾರೂ ಗಮನಿಸುವುದಿಲ್ಲ. ವಿಜಿಎಸ್ ಕಮಾಂಡ್ ಕೊಟ್ಟು ಖಾಲಿ ಜಾಗದ ಕಾಲಂ ನೋಡಿ. 54ರ ಆಸುಪಾಸು ಕಂಡರೆ ನಿಮ್ಮ ಎಸ್‌ಎಸ್‌ಡಿಯ ಅರ್ಧ ಎರಡು ವರ್ಷದಿಂದ ಸುಮ್ನೆ ಕೂತಿದೆ ಅಂತ ಅರ್ಥ. ಹೊಸ ಡ್ರೈವ್‌ಗೆ ದುಡ್ಡು ಹಾಕುವ ಮೊದಲು ಇದನ್ನು ನೋಡಲೇಬೇಕು, ಅಲ್ವಾ?

54ರಲ್ಲಿ 51 ಬಳಕೆಯಾದರೆ 3 ಉಳಿಯಬೇಕು, ಸೊನ್ನೆ ಯಾಕೆ? ಎಕ್ಸ್‌ಟ್4 ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಇಡುವ ವ್ಯವಸ್ಥೆ) ಮೊದಲಿನಿಂದಲೂ 5% ಜಾಗವನ್ನು ರೂಟ್ ಬಳಕೆದಾರನಿಗೆ, ಅಂದರೆ ಎಲ್ಲ ಅಧಿಕಾರ ಇರುವ ಆಡಳಿತಗಾರನಿಗೆ ಅಂತ ಎತ್ತಿಡುತ್ತದೆ. ನಿಮ್ಮಲ್ಲಿ ಅದು ಸುಮಾರು 2.7 ಜಿಬಿ. ಡಿಸ್ಕ್ ತುಂಬಿದಾಗಲೂ ನೀವು ಲಾಗಿನ್ ಆಗಿ ಸರಿಮಾಡಲು ಆಗಬೇಕು ಅನ್ನೋದೇ ಅದರ ಉದ್ದೇಶ. ಅದನ್ನು 1%ಗೆ ಇಳಿಸಿ ಅಂತ ಸಲಹೆ ಕೊಡುವವರಿದ್ದಾರೆ. ಡೇಟಾ ಡಿಸ್ಕ್‌ನಲ್ಲಿ ಹಾಗೆ ಮಾಡಿದರೆ ತೊಂದರೆಯಿಲ್ಲ. ಬೂಟ್ ಡ್ರೈವ್‌ನಲ್ಲಿ ಬೇಡ. ಈಗ ನೀವು ಒಳಗೆ ಹೋಗಿ ಕಮಾಂಡ್ ಕೊಡಲು ಆಗುತ್ತಿರುವುದು ಅದರ ದಯೆಯಿಂದಲೇ ಇರಬಹುದು.

ಇನ್ನು ಮೂರನೆಯದು. ಡಿಎಫ್ 51 ಅನ್ನುತ್ತದೆ, ಡಿಯು 31 ಅನ್ನುತ್ತದೆ. ನಡುವಿನ 20 ಜಿಬಿ ಎಲ್ಲಿ?

ಡಿಎಫ್ ಕೇಳುವುದು ಫೈಲ್ ಸಿಸ್ಟಂ ಅನ್ನು: ಎಷ್ಟು ಬ್ಲಾಕ್ ಹಂಚಿದ್ದೀಯ ಅಂತ. ಡಿಯು ಹಾಗಲ್ಲ, ತಾನೇ ಒಂದೊಂದು ಫೋಲ್ಡರಿನ ಒಳಗೆ ಹೋಗಿ ಕಂಡ ಫೈಲ್‌ಗಳನ್ನು ಕೂಡುತ್ತದೆ. ಕಾಣದ್ದನ್ನು ಕೂಡುವುದಿಲ್ಲ. ಸುಡೋ (ರೂಟ್ ಬಳಕೆದಾರನ ಅಧಿಕಾರದಿಂದ ಕಮಾಂಡ್ ಓಡಿಸುವುದು) ಇಲ್ಲದೆ ಓಡಿಸಿದರೆ ಅನುಮತಿ ಇಲ್ಲದ ಫೋಲ್ಡರ್‌ಗಳನ್ನೂ ಬಿಟ್ಟುಬಿಡುತ್ತದೆ, ಹಾಗಾಗಿ ಮೊದಲು ಸುಡೋ ಹಾಕಿ ಇನ್ನೊಮ್ಮೆ ಎಣಿಸಿ. ಆಮೇಲೂ ವ್ಯತ್ಯಾಸ ಉಳಿದರೆ ನನ್ನ ಅನುಭವದಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ ಇರುತ್ತದೆ.

ಒಂದು, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದು ಹಿಡಿದುಕೊಂಡಿರುವುದು. ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೆ ಹೋಗುವುದು ಹೆಸರು ಮಾತ್ರ. ಹಿಡಿದ ಪ್ರೋಗ್ರಾಂ ಬಿಡುವವರೆಗೂ ಜಾಗ ವಾಪಸ್ ಬರುವುದಿಲ್ಲ. ದೊಡ್ಡ ಲಾಗ್ ಫೈಲ್ ಅಳಿಸಿದೆ, ಜಾಗ ಬರಲಿಲ್ಲ ಅನ್ನುವವರ ಕಥೆ ಹೆಚ್ಚಾಗಿ ಇದೇ. ಅದಕ್ಕೇ ಓಡುತ್ತಿರುವ ಪ್ರೋಗ್ರಾಂನ ಲಾಗ್ ಅನ್ನು ಅಳಿಸುವ ಬದಲು ಟ್ರಂಕೇಟ್ ಕಮಾಂಡ್‌ನಿಂದ ಸೊನ್ನೆ ಗಾತ್ರಕ್ಕೆ ಇಳಿಸಬೇಕು. ಒಮ್ಮೆ ಸರ್ವರ್ ರೀಸ್ಟಾರ್ಟ್ ಮಾಡಿ ನೋಡಿ. 20 ಜಿಬಿ ವಾಪಸ್ ಬಂದರೆ ಇದೇ ಕಾರಣ.

ಬರದಿದ್ದರೆ ಎರಡನೆಯದು. ನಿಮ್ಮ ಮಟ್ಟಿಗೆ ನನಗೆ ಇದರ ಮೇಲೇ ಅನುಮಾನ ಜಾಸ್ತಿ.

ಡೇಟಾ ಡಿಸ್ಕ್ ಒಂದು ಫೋಲ್ಡರಿಗೆ ಮೌಂಟ್ ಆಗಿರುತ್ತದೆ, ಅಂದರೆ ಜೋಡಣೆಯಾಗಿರುತ್ತದೆ. ಆ ಫೋಲ್ಡರ್ ಇರುವುದು ಬೂಟ್ ಡ್ರೈವ್‌ನಲ್ಲೇ, ಖಾಲಿ ಫೋಲ್ಡರ್ ಅಷ್ಟೆ. ಡಿಸ್ಕ್ ಮೌಂಟ್ ಆದಾಗ ಅದರ ಮೇಲೆ ಚಾಪೆ ಹಾಸಿದ ಹಾಗೆ ಡಿಸ್ಕ್‌ನ ಫೈಲ್‌ಗಳು ಕಾಣುತ್ತವೆ. ಕೇಬಲ್ ಸಡಿಲವಾದ ಆ ನಾಲ್ಕೈದು ದಿನ ಚಾಪೆ ಇರಲಿಲ್ಲ. ಆದರೂ ಸರ್ವರ್ ಬೂಟ್ ಆಗಿದೆ ಅಂದರೆ ಮೌಂಟ್ ಪಟ್ಟಿಯಲ್ಲಿ ನೋಫೇಲ್ ಅನ್ನೋ ಆಯ್ಕೆ ಇರಬೇಕು. ಅದು ತಪ್ಪಲ್ಲ. ಅದಿಲ್ಲದಿದ್ದರೆ ಡಿಸ್ಕ್ ಸಿಗದೆ ಸರ್ವರ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಂತುಬಿಡುತ್ತಿತ್ತು. ಆದರೆ ಡಾಕರ್‌ಗೆ ಇದು ಯಾವುದೂ ಗೊತ್ತಿಲ್ಲ. ಅದು ಎಂದಿನಂತೆ ಕಂಟೇನರ್‌ಗಳನ್ನು ಶುರು ಮಾಡಿತು. ಫೋನ್‌ಗಳು ರಾತ್ರಿ ಎಂದಿನಂತೆ ಬ್ಯಾಕಪ್ ಕಳಿಸಿದವು. ಬೇಕಾದ ಫೋಲ್ಡರ್‌ಗಳು ಹೊಸದಾಗಿ ಹುಟ್ಟಿಕೊಂಡವು. ಎಲ್ಲವೂ ಹೋಗಿ ಬಿದ್ದಿದ್ದು ಬೂಟ್ ಡ್ರೈವ್‌ನ ಆ ಖಾಲಿ ಫೋಲ್ಡರಿನಲ್ಲಿ. ಕೇಬಲ್ ಗಟ್ಟಿ ಮಾಡಿದಿರಿ, ಡಿಸ್ಕ್ ಮತ್ತೆ ಮೌಂಟ್ ಆಯಿತು, ಚಾಪೆ ಮತ್ತೆ ಹಾಸಿತು. ಅಡಿಯಲ್ಲಿ ಬಿದ್ದಿದ್ದು ಅಡಿಯಲ್ಲೇ ಉಳಿಯಿತು. ಡಿಯು ಅದನ್ನು ನೋಡಲಾರದು. ಡಿಎಫ್‌ಗೆ ಮಾತ್ರ ಗೊತ್ತು.

ಇಲ್ಲೇ ನನಗೆ ಆತಂಕ ಇರುವುದು. ಫೋನ್‌ನ ಬ್ಯಾಕಪ್ ಆ್ಯಪ್‌ಗಳಲ್ಲಿ, ಬ್ಯಾಕಪ್ ಆಗಿದ್ದನ್ನು ಫೋನ್‌ನಿಂದ ಅಳಿಸಿ ಜಾಗ ಮಾಡಿಕೊಳ್ಳಿ ಅನ್ನೋ ಸೌಲಭ್ಯ ಇರುತ್ತದೆ. ಮನೆಯಲ್ಲಿ ಯಾರಾದರೂ ಅದನ್ನು ಒತ್ತಿದ್ದರೆ, ಆ ದಿನಗಳ ಫೋಟೋಗಳ ಒಂದೇ ಒಂದು ಪ್ರತಿ ಈಗ ಉಳಿದಿರುವುದು ಚಾಪೆಯ ಅಡಿಯಲ್ಲಿ. ಅದು ಮಿರರ್‌ನಲ್ಲೂ ಇಲ್ಲ. ನಿಮ್ಮ ಸ್ನೇಹಿತರ ಮಾತು ಕೇಳಿ ಎಸ್‌ಎಸ್‌ಡಿ ತೆಗೆದು ಎಲ್ಲ ಹೊಸದಾಗಿ ಹಾಕಿದರೆ, ಅಥವಾ ಸಿಕ್ಕಿದ್ದೆಲ್ಲ ಕಸ ಅಂತ ಅಳಿಸಿದರೆ, ಅವು ಹೋದವೇ. ಮಿರರ್ ಡಿಸ್ಕ್‌ಗಳು ಎಷ್ಟೇ ಗಟ್ಟಿಯಾಗಿರಲಿ, ಅವುಗಳ ಮೇಲೆ ಬರೆಯದ ಫೈಲನ್ನು ಅವು ಕಾಯಲಾರವು.

ಚಾಪೆ ಎತ್ತದೆಯೇ ಅಡಿ ನೋಡುವ ದಾರಿ ಇದೆ. ಮೊದಲು ಕಂಟೇನರ್‌ಗಳನ್ನೆಲ್ಲ ನಿಲ್ಲಿಸಿ. ಎಂಎನ್‌ಟಿ ಫೋಲ್ಡರಿನ ಒಳಗೆ ಹೊಸದೊಂದು ಫೋಲ್ಡರ್ ಮಾಡಿ, ಒಳನೋಟ ಅಂತಲೋ ಏನೋ ಹೆಸರಿಡಿ. ರೂಟ್ ಅನ್ನು ಮೌಂಟ್ ಕಮಾಂಡ್‌ನ ಬೈಂಡ್ ಆಯ್ಕೆಯಿಂದ ಅದಕ್ಕೆ ಜೋಡಿಸಿ. ಬೈಂಡ್ ಮೌಂಟ್ ತೋರಿಸುವುದು ಬೂಟ್ ಡ್ರೈವ್‌ನ ಫೈಲ್ ಸಿಸ್ಟಂ ಅನ್ನು ಮಾತ್ರ. ಅದರ ಮೇಲೆ ಮೌಂಟ್ ಆಗಿರುವ ಬೇರೆ ಡಿಸ್ಕ್‌ಗಳು ಅದರಲ್ಲಿ ಬರುವುದಿಲ್ಲ. ಈಗ ಅಲ್ಲಿಂದ ಡೇಟಾ ಡಿಸ್ಕ್‌ನ ಫೋಲ್ಡರಿಗೆ ಹೋಗಿ ಡಿಯು ಓಡಿಸಿ. ಖಾಲಿ ಇದ್ದರೆ ನನ್ನ ಊಹೆ ತಪ್ಪು. 20 ಜಿಬಿಯ ಹತ್ತಿರ ಏನಾದರೂ ಸಿಕ್ಕರೆ ಅದೇ.

ಸಿಕ್ಕಿದ್ದನ್ನು ಮೂವ್ ಮಾಡಬೇಡಿ, ಕಾಪಿ ಮಾಡಿ. ಡೇಟಾ ಡಿಸ್ಕ್‌ನಲ್ಲಿ ಬೇರೆಯದೇ ಫೋಲ್ಡರ್ ಮಾಡಿ ಆರ್‌ಸಿಂಕ್ ಅನ್ನೋ ಕಾಪಿ ಕಮಾಂಡ್‌ನಿಂದ ಅಲ್ಲಿಗೆ ತನ್ನಿ. ಈಗಿರುವ ಫೋಟೋ ಫೋಲ್ಡರಿಗೇ ನೇರ ಬೆರೆಸಲು ಹೋದರೆ ಒಂದೇ ಹೆಸರಿನ ಫೈಲ್‌ಗಳು ಒಂದರ ಮೇಲೊಂದು ಬೀಳುವ ಅಪಾಯ ಇದೆ. ಫೈಲ್‌ಗಳ ಸಂಖ್ಯೆ ಎರಡೂ ಕಡೆ ಒಂದೇ ಇದೆಯಾ ನೋಡಿ, ನಾಲ್ಕಾರು ಫೋಟೋ ತೆರೆದು ನೋಡಿ, ಆಮೇಲೆ ಚಾಪೆಯ ಅಡಿಯದ್ದನ್ನು ಅಳಿಸಿ. ಅಳಿಸುವಾಗ ದಾರಿಯನ್ನು ಎರಡು ಸಲ ಓದಿ. ಒಳನೋಟ ಫೋಲ್ಡರ್ ನಕಲಲ್ಲ, ಅದು ನಿಮ್ಮ ರೂಟ್ ಫೈಲ್ ಸಿಸ್ಟಂ ಅದೇ. ಅಲ್ಲಿ ಮೇಲಿನ ಹಂತದಲ್ಲಿ ಅಳಿಸುವ ಕಮಾಂಡ್ ಕೊಟ್ಟರೆ ಇಡೀ ಸಿಸ್ಟಂ ಹೋಗುತ್ತದೆ. ಕೆಲಸ ಆದ ಕೂಡಲೇ ಅನ್‌ಮೌಂಟ್ ಮಾಡಿಬಿಡಿ.

ಅನ್‌ಮೌಂಟ್ ಮಾಡುವ ಮೊದಲು ಇನ್ನೊಂದು ಸಣ್ಣ ಕೆಲಸ. ಈಗ ಖಾಲಿಯಾದ ಆ ಫೋಲ್ಡರಿಗೆ, ಒಳನೋಟದ ದಾರಿಯಿಂದಲೇ, ಚಾಟ್ರ್ ಕಮಾಂಡ್‌ನಲ್ಲಿ ಪ್ಲಸ್ ಐ ಗುರುತು ಹಾಕಿ. ಆಮೇಲೆ ರೂಟ್ ಬಳಕೆದಾರ ಕೂಡ ಅದರೊಳಗೆ ಹೊಸ ಫೈಲ್ ಮಾಡಲಾಗದು. ಡಿಸ್ಕ್ ಮೌಂಟ್ ಆಗಲು ಅದರಿಂದ ಏನೂ ಅಡ್ಡಿಯಿಲ್ಲ. ಇನ್ನೊಮ್ಮೆ ಕೇಬಲ್ ಕೈಕೊಟ್ಟರೆ ಬ್ಯಾಕಪ್ ಮೌನವಾಗಿ ತಪ್ಪು ಜಾಗಕ್ಕೆ ಹೋಗುವ ಬದಲು ಎರರ್ ತೋರಿಸಿ ನಿಲ್ಲುತ್ತದೆ. ನಾನು ಸೆಟಪ್ ಮಾಡುವ ಪ್ರತಿ ಸರ್ವರ್‌ಗೂ ಇದನ್ನು ಹಾಕುತ್ತೇನೆ. ಎರಡು ನಿಮಿಷದ ಕೆಲಸ.

ಈಗ ನೀವು ಕೇಳಿದ ಬೇರೆ ಮಾತುಗಳು.

ಸಿನಿಮಾ ಅಳಿಸಿದರೆ ಜಾಗ ಬರಲಿಲ್ಲ ಅಂದಿರಿ. ಬರುವುದೂ ಇಲ್ಲ. ಅವು ಇದ್ದದ್ದು ಡೇಟಾ ಡಿಸ್ಕ್‌ನಲ್ಲಿ. ಒಂದೇ ಪೆಟ್ಟಿಗೆಯೊಳಗೆ ಇದ್ದರೂ ಎರಡೂ ಬೇರೆ ಬೇರೆ ಖಾತೆ.

ಓವರ್‌ಲೇ2 ಒಳಗೆ ಡಾಕರ್ ಇಮೇಜ್‌ಗಳ (ಕಂಟೇನರ್‌ಗಳನ್ನು ಕಟ್ಟುವ ಮೂಲ ಅಚ್ಚುಗಳು) ಪದರಗಳು ಇರುತ್ತವೆ. ಒಂದು ಪದರವನ್ನು ಹಲವು ಇಮೇಜ್‌ಗಳು ಹಂಚಿಕೊಂಡಿರುತ್ತವೆ. ಕೈಯಿಂದ ಅಳಿಸಿದರೆ ಡಾಕರ್‌ನ ಲೆಕ್ಕ ತಪ್ಪಿ ಕಂಟೇನರ್‌ಗಳು ಏಳುವುದೇ ಇಲ್ಲ. ಸರಿಯಾದ ದಾರಿ ಎಂದರೆ ಮೊದಲು ಡಾಕರ್ ಸಿಸ್ಟಂ ಡಿಎಫ್ ಕಮಾಂಡ್ ಕೊಟ್ಟು ಇಮೇಜ್, ಕಂಟೇನರ್, ವಾಲ್ಯೂಮ್ (ಕಂಟೇನರ್ ತನ್ನ ಡೇಟಾ ಇಡುವ ಜಾಗ), ಬಿಲ್ಡ್ ಕ್ಯಾಶ್ ಇವುಗಳಲ್ಲಿ ಎಷ್ಟೆಷ್ಟು ಬಿಡಿಸಬಹುದು ಅಂತ ನೋಡುವುದು. ಎರಡು ವರ್ಷ ಅಪ್‌ಡೇಟ್ ಮಾಡುತ್ತ ಬಂದಿದ್ದರೆ ಹಳೆಯ ಇಮೇಜ್‌ಗಳೇ ಹತ್ತಾರು ಜಿಬಿ ಇರಬಹುದು. ಡಾಕರ್ ಇಮೇಜ್ ಪ್ರೂನ್ ಅವುಗಳಲ್ಲಿ ಹೆಸರಿನ ಗುರುತು (ಟ್ಯಾಗ್) ಕಳೆದುಕೊಂಡವನ್ನು ತೆಗೆಯುತ್ತದೆ. ಡಾಕರ್ ಸಿಸ್ಟಂ ಪ್ರೂನ್ ಮಾತ್ರ ಹುಷಾರು. ಅದು ನಿಂತಿರುವ ಕಂಟೇನರ್‌ಗಳನ್ನೂ ತೆಗೆದುಹಾಕುತ್ತದೆ. ಮೇಲೆ ಹೇಳಿದ ಕೆಲಸಕ್ಕೆ ಎಲ್ಲವನ್ನೂ ನಿಲ್ಲಿಸಿರುತ್ತೀರಲ್ಲ, ಆ ಹೊತ್ತಿನಲ್ಲಿ ಇದನ್ನು ಓಡಿಸಬೇಡಿ. ಕಂಟೇನರ್‌ಗಳ ಸೆಟ್ಟಿಂಗ್ ಬರೆದಿಟ್ಟ ಕಂಪೋಸ್ ಫೈಲ್ ಇದ್ದರೆ ಮತ್ತೆ ಕಟ್ಟಬಹುದು. ಇಲ್ಲದಿದ್ದರೆ ಯಾವ ಕಂಟೇನರ್‌ಗೆ ಏನು ಸೆಟ್ಟಿಂಗ್ ಕೊಟ್ಟಿದ್ದೆ ಅಂತ ನೆನಪು ಮಾಡಿಕೊಳ್ಳುತ್ತ ಕೂರಬೇಕು. ವಾಲ್ಯೂಮ್‌ಗಳನ್ನು ಅಳಿಸುವ ಆಯ್ಕೆಯನ್ನಂತೂ ಸೇರಿಸಲೇಬೇಡಿ. ಫೋಟೋ ಆ್ಯಪ್‌ನ ಡೇಟಾಬೇಸ್ ಬಹುಶಃ ವಾಲ್ಯೂಮ್ ಒಂದರಲ್ಲೇ ಇದೆ.

ಡಾಕರ್‌ನಲ್ಲಿ ಜನ ಗಮನಿಸದ ಇನ್ನೊಂದು ಜಾಗ, ಕಂಟೇನರ್ ಲಾಗ್. ಡಾಕರ್ ಮೊದಲಿಗೆ ಬಳಸುವ ಜೇಸನ್ ಲಾಗ್ ಫೈಲ್‌ಗೆ ಗಾತ್ರದ ಮಿತಿಯೇ ಇಲ್ಲ. ಲಾಗ್‌ಗೆ ಬಹಳ ಬರೆಯುವ ಕಂಟೇನರ್ ಒಂದಿದ್ದರೆ ಅದರ ಒಂದೇ ಫೈಲ್ ತಿಂಗಳುಗಟ್ಟಲೆ ಬೆಳೆಯುತ್ತ ಹೋಗುತ್ತದೆ. ಡಾಕರ್ ಡೀಮನ್ ಸೆಟ್ಟಿಂಗ್‌ನಲ್ಲಿ ಒಂದು ಫೈಲ್‌ಗೆ 10 ಎಂಬಿ, ಗರಿಷ್ಠ 3 ಫೈಲ್ ಅಂತ ಮಿತಿ ಹಾಕಿ ಡಾಕರ್ ರೀಸ್ಟಾರ್ಟ್ ಮಾಡಿ. ಈ ಮಿತಿ ಹೊಸದಾಗಿ ಮಾಡಿದ ಕಂಟೇನರ್‌ಗಳಿಗೆ ಮಾತ್ರ ತಾಗುತ್ತದೆ. ಬರೀ ರೀಸ್ಟಾರ್ಟ್ ಮಾಡಿದರೆ ಹಳೆಯ ಕಂಟೇನರ್‌ಗಳು ಹಳೆಯ ಹಾಗೆಯೇ ಇರುತ್ತವೆ, ಅವನ್ನು ಮತ್ತೆ ಕಟ್ಟಬೇಕು.

ಸಿಸ್ಟಂ ಲಾಗ್‌ಗಳ ಬಗ್ಗೆ ಒಂದು ಮಾತು. ಜರ್ನಲ್ ತಾನಾಗಿಯೇ ಫೈಲ್ ಸಿಸ್ಟಂನ 10% ಅಥವಾ 4 ಜಿಬಿ, ಯಾವುದು ಕಡಿಮೆಯೋ ಅಷ್ಟಕ್ಕೆ ನಿಲ್ಲುತ್ತದೆ. ಹಾಗಾಗಿ 20, 30 ಜಿಬಿ ಹೋಗಿದ್ದಕ್ಕೆ ಜರ್ನಲ್ ಅನ್ನು ದೂರುವುದು ಸರಿಯಲ್ಲ. ಆದರೆ ಸಿಸ್‌ಲಾಗ್ ಫೈಲ್ ಏಕಾಏಕಿ ಊದಿಕೊಂಡಿದ್ದರೆ, ಅಳಿಸುವ ಮೊದಲು ಅದರ ಕೊನೆಯ ಐವತ್ತು ಸಾಲು ಓದಿ. ಒಮ್ಮೆ ಒಬ್ಬರ ಸರ್ವರ್‌ನಲ್ಲಿ ಲಾಗ್ ದಿನಾ ತುಂಬುತ್ತಿತ್ತು. ಅವರು ದಿನಾ ಅಳಿಸುತ್ತಿದ್ದರು. ಓದಿ ನೋಡಿದರೆ ಒಂದೇ ಡಿಸ್ಕ್‌ನ ಓದುವ ಎರರ್ ಸಾವಿರಾರು ಸಲ ಬಂದಿತ್ತು. ಡಿಸ್ಕ್ ಸಾಯುತ್ತ ಕೂಗುತ್ತಿತ್ತು, ನಾವು ಕೂಗನ್ನು ಅಳಿಸುತ್ತಿದ್ದೆವು. ನಿಮ್ಮಲ್ಲೂ ಒಮ್ಮೆ ಕೇಬಲ್ ಸಡಿಲವಾಗಿದೆ. ಲಾಗ್‌ನಲ್ಲಿ ಡಿಸ್ಕ್‌ನ ಹೆಸರು ಮತ್ತೆ ಮತ್ತೆ ಕಂಡರೆ ಜಾಗದ ಚಿಂತೆ ಬಿಟ್ಟು ಮೊದಲು ಆ ಕಡೆ ನೋಡಿ.

ಜಾಗ ಹೆಚ್ಚಿಸುವುದಕ್ಕೆ ನಿಮ್ಮ ಮುಂದೆ ಮೂರು ದಾರಿ ಇವೆ. ಮೂರೂ ಸಮ ಅಂತ ನಾನು ಹೇಳುವುದಿಲ್ಲ.

ಖಾಲಿ ಕೂತ ಅರ್ಧವನ್ನು ಬಳಸಿಕೊಳ್ಳುವುದೇ ನನ್ನ ಆಯ್ಕೆ. ಎಲ್‌ವಿಎಕ್ಸ್‌ಟೆಂಡ್ ಕಮಾಂಡ್‌ಗೆ ಆರ್ ಆಯ್ಕೆ ಸೇರಿಸಿದರೆ ಎಲ್‌ವಿಎಂ ವಾಲ್ಯೂಮ್ (ರೂಟ್‌ಗೆ ಕೊಟ್ಟ ಭಾಗ) ಜೊತೆಗೆ ಫೈಲ್ ಸಿಸ್ಟಂ ಕೂಡ ಬೆಳೆಯುತ್ತದೆ, ಸರ್ವರ್ ಓಡುತ್ತಿರುವಾಗಲೇ. ಇಲ್ಲಿ ಒಂದು ತೊಡಕು ಇದೆ. ಬೆಳೆಸುವ ಮೊದಲು ಎಲ್‌ವಿಎಂ ತನ್ನ ಹಳೆಯ ಲೆಕ್ಕದ ಪ್ರತಿಯನ್ನು ಬೂಟ್ ಡ್ರೈವ್‌ನಲ್ಲಿ ಬರೆದಿಡುತ್ತದೆ. ಡ್ರೈವ್ ಪೂರ್ತಿ ತುಂಬಿದ್ದರೆ ಅದಕ್ಕೂ ಜಾಗವಿಲ್ಲದೆ ನಿಲ್ಲಬಹುದು. ಹಾಗಾಗಿ ಮೊದಲು ಆಪ್ಟ್ ಕ್ಲೀನ್ ಕೊಟ್ಟು ಡೌನ್‌ಲೋಡ್ ಆದ ಪ್ಯಾಕೇಜ್‌ಗಳನ್ನು ತೆಗೆಯಿರಿ, ಜರ್ನಲ್ ಅನ್ನು 200 ಎಂಬಿಗೆ ಇಳಿಸಿ. ಈ ಎರಡರಿಂದಲೂ ಯಾವ ಅಪಾಯವೂ ಇಲ್ಲ. ಇರುವ ಖಾಲಿ ಜಾಗವನ್ನೆಲ್ಲ ಒಂದೇ ಸಲ ಕೊಡಬೇಡಿ. 25 ಜಿಬಿ ಕೊಡಿ, ಉಳಿದದ್ದು ಇರಲಿ. ಎಕ್ಸ್‌ಟ್4 ಬೆಳೆಸುವುದು ಸುಲಭ. ಕುಗ್ಗಿಸಬೇಕಾದರೆ ಅನ್‌ಮೌಂಟ್ ಮಾಡಲೇಬೇಕು, ರೂಟ್ ಅನ್ನು ಓಡುತ್ತಿರುವಾಗ ಹಾಗೆ ಮಾಡಲು ಆಗುವುದಿಲ್ಲ.

ಡಾಕರ್ ಅನ್ನೇ ಡೇಟಾ ಡಿಸ್ಕ್‌ಗೆ ಸಾಗಿಸುವುದು ಎರಡನೆಯ ದಾರಿ. ಆಗುತ್ತದೆ, ಆದರೆ ಡೇಟಾಬೇಸ್‌ಗಳು ಹಾರ್ಡ್ ಡಿಸ್ಕ್ ಮೇಲೆ ನಿಧಾನವಾಗುತ್ತವೆ. ಡಿಸ್ಕ್‌ಗಳಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಡಿಸ್ಕ್ ಮೌಂಟ್ ಆಗುವ ಮೊದಲೇ ಡಾಕರ್ ಎದ್ದರೆ ಮತ್ತೆ ಚಾಪೆಯ ಕಥೆ. ಜೊತೆಗೆ, ಡಾಕರ್ 29ನೇ ಆವೃತ್ತಿಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಇಮೇಜ್‌ಗಳು ಕಂಟೇನರ್‌ಡಿ ಫೋಲ್ಡರಿಗೆ ಹೋಗುತ್ತವೆ. ಡಾಕರ್‌ನ ಡೇಟಾ ರೂಟ್ (ಅದರ ಡೇಟಾ ಇರುವ ಫೋಲ್ಡರ್) ಬದಲಿಸಿದರೆ ಅವು ಹಿಂದೆಯೇ ಉಳಿಯುತ್ತವೆ. ಇಷ್ಟೆಲ್ಲ ತಲೆನೋವು ಯಾಕೆ? ಸಿನಿಮಾ ಆ್ಯಪ್‌ನ ಟ್ರಾನ್ಸ್‌ಕೋಡ್ ಫೈಲ್‌ಗಳು (ನೋಡುವ ಸಾಧನಕ್ಕೆ ತಕ್ಕಂತೆ ಬದಲಿಸಿದ ವಿಡಿಯೋ), ವಿಡಿಯೋದ ನಡುನಡುವೆ ತೋರಿಸುವ ಸಣ್ಣ ಚಿತ್ರಗಳು, ಇಂಥವನ್ನಷ್ಟೇ ಡೇಟಾ ಡಿಸ್ಕ್‌ಗೆ ಕಳಿಸಿ. ಅವು ಹೋದರೂ ಮತ್ತೆ ಹುಟ್ಟುತ್ತವೆ.

ಹೊಸ ಎಸ್‌ಎಸ್‌ಡಿ ಮೂರನೆಯದು. ಹಳೆಯದರ ಸ್ಮಾರ್ಟ್ ವರದಿ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ಕೊಡುವ ಮಾಹಿತಿ) ನೋಡಿ, ಸವೆತ ಜಾಸ್ತಿ ಇದ್ದರೆ ಖಂಡಿತ ಬದಲಿಸಿ. ಹಾಗಿಲ್ಲದಿದ್ದರೆ ಈಗ ಬೇಡ. ಜಾಗ ಯಾರು ತಿನ್ನುತ್ತಿದ್ದಾರೆ ಅಂತ ಗೊತ್ತಾಗದೆ ದೊಡ್ಡ ಡ್ರೈವ್ ಹಾಕಿದರೆ ಅದು ತುಂಬಲು ಇನ್ನೂ ಸ್ವಲ್ಪ ದಿನ ಬೇಕಾಗುತ್ತದೆ, ಅಷ್ಟೇ. ಬದಲಿಸುವುದೇ ಆದರೆ ಕ್ಲೋನ್ ಮಾಡಿ. ಹೊಸದಾಗಿ ಹಾಕುವ ಮನಸ್ಸಿದ್ದರೆ ಮೊದಲು ಫೋಟೋ ಆ್ಯಪ್‌ನ ಡೇಟಾಬೇಸ್‌ನ ಡಂಪ್ (ಮತ್ತೆ ತುಂಬಿಸಬಹುದಾದ ಪ್ರತಿ) ತೆಗೆದು ಡೇಟಾ ಡಿಸ್ಕ್‌ನಲ್ಲಿಡಿ. ಓಡುತ್ತಿರುವ ಡೇಟಾಬೇಸ್‌ನ ಫೈಲ್‌ಗಳನ್ನು ಹಾಗೇ ಕಾಪಿ ಮಾಡಿದರೆ ಅದು ಮತ್ತೆ ತೆರೆಯದೇ ಹೋಗಬಹುದು. ಫೋಟೋಗಳು ಡೇಟಾ ಡಿಸ್ಕ್‌ನಲ್ಲಿ ಉಳಿದರೂ ಆಲ್ಬಂ, ಮುಖಗಳಿಗೆ ಕೊಟ್ಟ ಹೆಸರು, ಇಷ್ಟಪಟ್ಟ ಗುರುತು ಎಲ್ಲವೂ ಇರುವುದು ಆ ಡೇಟಾಬೇಸ್‌ನಲ್ಲಿ. ಅದು ಬೂಟ್ ಡ್ರೈವ್‌ನಲ್ಲಿದೆ, ಅದಕ್ಕೆ ಮಿರರ್ ಇಲ್ಲ. ಈ ಡಂಪ್ ವಾರಕ್ಕೊಮ್ಮೆ ತಾನಾಗಿಯೇ ಆಗುವ ಹಾಗೆ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಬೇರೆ ಸಿಸ್ಟಂ ಬಳಸುವ ಓದುಗರಿಗೂ ಎರಡು ಮಾತು. ಟ್ರೂನ್ಯಾಸ್‌ನಲ್ಲಿ ಬೂಟ್ ಡ್ರೈವ್ ತುಂಬಿದರೆ ಮೊದಲು ಹಳೆಯ ಬೂಟ್ ಎನ್ವಿರಾನ್‌ಮೆಂಟ್‌ಗಳನ್ನು (ಸಿಸ್ಟಂನ ಹಿಂದಿನ ಆವೃತ್ತಿಗಳ ಪ್ರತಿಗಳು) ನೋಡಿ. ಪ್ರತಿ ಅಪ್‌ಗ್ರೇಡ್ ಒಂದೊಂದನ್ನು ಬಿಟ್ಟುಹೋಗುತ್ತದೆ. ಈಗಿನದ್ದು ಮತ್ತು ಅದರ ಹಿಂದಿನದ್ದು ಇಟ್ಟುಕೊಂಡು ಉಳಿದವನ್ನು ವೆಬ್ ಪುಟದಿಂದಲೇ ತೆಗೆಯಬಹುದು. ಅನ್‌ರೇಡ್‌ನಲ್ಲಿ ತುಂಬಿದೆ ಅಂತ ಎಚ್ಚರಿಕೆ ಬಂದರೆ ಅದು ಹೆಚ್ಚಾಗಿ ಬೂಟ್ ಆಗುವ ಪೆನ್ ಡ್ರೈವ್ ಬಗ್ಗೆ ಅಲ್ಲ, ಡಾಕರ್ ಇಮೇಜ್ ಫೈಲ್ ಬಗ್ಗೆ. ಅಲ್ಲಿ ಗಾತ್ರ ಹೆಚ್ಚಿಸುವ ಮೊದಲು, ಯಾವುದಾದರೂ ಕಂಟೇನರ್ ತಪ್ಪು ದಾರಿಗೆ ಡೌನ್‌ಲೋಡ್ ಮಾಡುತ್ತಿದೆಯಾ ನೋಡಿ.

ನಿಮ್ಮ ಸರ್ವರ್‌ಗೆ ಮರಳಿ ಬರೋಣ. ಇವತ್ತು ರಾತ್ರಿಯ ಕೆಲಸ ಇಷ್ಟೇ: ಕಂಟೇನರ್‌ಗಳನ್ನು ನಿಲ್ಲಿಸಿ, ಚಾಪೆಯ ಅಡಿ ನೋಡಿ, ಸಿಕ್ಕಿದ್ದನ್ನು ಕಾಪಿ ಮಾಡಿ. ಡ್ರೈವ್ ಬೆಳೆಸುವುದು, ಡಾಕರ್ ಸ್ವಚ್ಛ ಮಾಡುವುದು ನಾಳೆಗೆ ಇರಲಿ. ಅಲ್ಲಿಯವರೆಗೆ ಮನೆಯವರಿಗೆ ಹೇಳಿಬಿಡಿ, ಫೋನ್‌ನಿಂದ ಯಾವ ಫೋಟೋವನ್ನೂ ಅಳಿಸಬೇಡಿ ಅಂತ.